ಯುದ್ಧದಲ್ಲಿ ಮನೆ ಕಳೆದುಕೊಂಡ ಕ್ರೈಸ್ತರಿಗೆ ನೆರವು: ಯಾರ ಮೂಲಕ ಕೊಡೋಣ?

2014ರ ಜುಲೈ ತಿಂಗಳು, ಇರಾಕ್‌ನ ಮೊಸುಲ್ ನಗರ. ಕ್ರೈಸ್ತರ ಮನೆಗಳ ಗೋಡೆ ಮೇಲೆ ಪೇಂಟಿನಲ್ಲಿ ಬರೆದ ಒಂದೇ ಒಂದು ಅರಬ್ಬಿ ಅಕ್ಷರ. ತೆರೆದ ಬಟ್ಟಲಿನಂಥ ಗೆರೆ, ಅದರ ಮೇಲೊಂದು ಚುಕ್ಕಿ. 'ನೂನ್'. ಕ್ರೈಸ್ತರನ್ನು ಕರೆಯುವ 'ನಸ್ರಾನಿ' ಎಂಬ ಪದದ ಮೊದಲ ಅಕ್ಷರ ಅದು. ಆ ಗುರುತು ಬಿತ್ತೆಂದರೆ ಮನೆ ಐಸಿಸ್ ಪಾಲಾಯಿತು ಅಂತಲೇ ಲೆಕ್ಕ. ಮತ ಬದಲಿಸಬೇಕು, ಇಲ್ಲವೇ ಜಿಜಿಯಾ ತೆರಿಗೆ ಕಟ್ಟಬೇಕು, ಇಲ್ಲವೇ ಊರು ಬಿಡಬೇಕು. ಮೂರೂ ಆಗದಿದ್ದರೆ ಸಾವು. ಜುಲೈ 19ರವರೆಗೆ ಗಡುವು. ಹೊರಟವರ ಹಣ, ಒಡವೆ, ಕೊನೆಗೆ ಔಷಧಿಯನ್ನೂ ದಾರಿಯಲ್ಲಿ ತಡೆದು ಕಿತ್ತುಕೊಂಡರು.

ಮೂರು ವಾರದೊಳಗೆ ಪಕ್ಕದ ನಿನೆವೆ ಬಯಲಿನ ಸರದಿ ಬಂತು. ಆಗಸ್ಟ್ 6ರ ರಾತ್ರಿ ಕಾವಲಿಗಿದ್ದ ಕುರ್ದಿ ಪಡೆ ಹಿಂದೆ ಸರಿಯಿತು. ಕರಾಕೋಶ್, ಬಾರ್ತೆಲ್ಲಾ, ಕರಮ್ಲೇಶ್, ಹೀಗೆ ಊರಿಗೆ ಊರೇ ಖಾಲಿಯಾಯಿತು. ಲಕ್ಷಕ್ಕೂ ಹೆಚ್ಚು ಜನ ಉಟ್ಟ ಬಟ್ಟೆಯಲ್ಲೇ ಕುರ್ದಿ ಪ್ರದೇಶದ ರಾಜಧಾನಿ ಎರ್ಬಿಲ್ ಕಡೆ ಹೊರಟರು. ಎರ್ಬಿಲ್‌ಗೆ ಅಂಟಿಕೊಂಡಿರುವ ಅಂಕಾವಾ ಎಂಬ ಕ್ರೈಸ್ತ ಊರು ಆ ವಾರ ತುಂಬಿ ತುಳುಕಿತು. ಚರ್ಚಿನ ಅಂಗಳದ ಹುಲ್ಲಿನ ಮೇಲೆ ಮಲಗಿದರು, ಶಾಲೆಯ ತರಗತಿಗಳಲ್ಲಿ ಮಲಗಿದರು. ಕಟ್ಟಡ ಕೆಲಸ ಅರ್ಧಕ್ಕೆ ನಿಂತಿದ್ದ ಒಂದು ಮಾಲ್‌ನಲ್ಲಿ ಕಾಂಕ್ರೀಟ್ ಕಂಬಗಳ ನಡುವೆ ತಾತ್ಕಾಲಿಕ ಗೋಡೆ ಹಾಕಿಕೊಂಡು ನೂರಾರು ಸಂಸಾರಗಳು ತಿಂಗಳುಗಟ್ಟಲೆ ಬದುಕಿದವು.

ಆ ಸುದ್ದಿ ನೋಡಿ ನನಗೆ ಸುಮ್ನೆ ಕೂರಲು ಆಗಲಿಲ್ಲ. ಮೊದಲು ಕಣ್ಣಿಗೆ ಬಿದ್ದ ಸಂಸ್ಥೆಗೆ ಹಣ ಕಳಿಸಿದೆ. ಆರು ತಿಂಗಳಾದ ಮೇಲೆ, ಆ ಹಣದಿಂದ ಏನಾಯಿತು ಎಂದು ಬರೆದು ಕೇಳಿದೆ. ಉತ್ತರದ ಬದಲು ಇನ್ನೊಂದು ಮನವಿ ಬಂತು, ಇನ್ನೊಂದು ಮಗುವಿನ ಫೋಟೊ ಜೊತೆ. ಬೇಸರವಾಯಿತು. ಆದರೆ ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಕೊಡುವ ಮುಂಚೆ ನಾನು ಏನನ್ನೂ ಕೇಳಿರಲಿಲ್ಲ. ಅಂದಿನಿಂದ ಓದಿ, ವಿಚಾರಿಸಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾವ ಸಂಸ್ಥೆ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಪಟ್ಟಿ ಹಾಕುವುದು ನನ್ನ ಉದ್ದೇಶ ಅಲ್ಲ. ಯಾವ ಹೊತ್ತಿಗೆ ಯಾರು ಸರಿ ಅನ್ನುವುದೇ ಪ್ರಶ್ನೆ.

ದಾರಿಗಳು ಮುಖ್ಯವಾಗಿ ನಾಲ್ಕು. ಹಿಂಸೆಗೆ ಒಳಗಾದ ಕ್ರೈಸ್ತರಿಗೆಂದೇ ಇರುವ ಸಂಸ್ಥೆಗಳು, ಕ್ರೈಸ್ತ ಬೇರಿನದಾದರೂ ಎಲ್ಲರಿಗೂ ಕೆಲಸ ಮಾಡುವ ದೊಡ್ಡ ಸಂಸ್ಥೆಗಳು, ಅಲ್ಲಿಯದೇ ಚರ್ಚು, ಮತ್ತು ಧರ್ಮದ ಹಂಗಿಲ್ಲದ ರೆಡ್ ಕ್ರಾಸ್‌ನಂಥವು.

ಹಿಂಸೆಗೊಳಗಾದವರಿಗೆಂದೇ ಇರುವ ಸಂಸ್ಥೆಗಳು

ಇವುಗಳಲ್ಲಿ 'ಏಡ್ ಟು ದ ಚರ್ಚ್ ಇನ್ ನೀಡ್' ಹೆಸರು ಹೆಚ್ಚು ಕೇಳಿಬರುತ್ತದೆ. ಇದು ಶುರುವಾದ ಬಗೆ ನನಗೆ ತುಂಬ ಇಷ್ಟ. 1947ರಲ್ಲಿ ವೆರೆನ್‌ಫ್ರೀಡ್ ವಾನ್ ಸ್ಟ್ರಾಟೆನ್ ಎಂಬ ಡಚ್ ಪಾದ್ರಿ, ಎರಡನೇ ಮಹಾಯುದ್ಧದ ನಂತರ ಪೂರ್ವದಿಂದ ಹೊರದಬ್ಬಿಸಿಕೊಂಡ ಜರ್ಮನ್ ನಿರಾಶ್ರಿತರಿಗಾಗಿ ಜನರ ಮುಂದೆ ಕೈಚಾಚಿದರು. ಕೇಳಿದ್ದು ಯಾರ ಹತ್ತಿರ? ಅದೇ ಜರ್ಮನರ ಆಕ್ರಮಣದಲ್ಲಿ ನರಳಿದ್ದ ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್‌ನ ರೈತರ ಹತ್ತಿರ. ಅವರು ಹಂದಿಮಾಂಸ ಕೊಟ್ಟರು. ಪಾದ್ರಿಗೆ 'ಬೇಕನ್ ಪ್ರೀಸ್ಟ್' ಎಂಬ ಅಡ್ಡಹೆಸರೇ ಬಂತು. 2011ರಿಂದ ಇದು ಪೋಪರ ಅಧೀನದ ಪ್ರತಿಷ್ಠಾನ. 'ಓಪನ್ ಡೋರ್ಸ್' ಬೇರೆ ಬಗೆಯದು. 1955ರಲ್ಲಿ ಬ್ರದರ್ ಆಂಡ್ರ್ಯೂ ಎಂಬ ಇನ್ನೊಬ್ಬ ಡಚ್ಚರು ಕಮ್ಯುನಿಸ್ಟ್ ದೇಶಗಳಿಗೆ ಗುಟ್ಟಾಗಿ ಬೈಬಲ್ ಒಯ್ಯುವುದರಿಂದ ಶುರುವಾಯಿತು. ಹಿಂಸೆ ಹೆಚ್ಚಿರುವ 50 ದೇಶಗಳ ಪಟ್ಟಿಯನ್ನು ಅವರು ಪ್ರತಿ ವರ್ಷ ಹೊರತರುತ್ತಾರೆ. ಮಧ್ಯಪ್ರಾಚ್ಯದ ಪೌರಸ್ತ್ಯ ಚರ್ಚುಗಳ ಜೊತೆ 1926ರಿಂದ ಕೆಲಸ ಮಾಡುತ್ತಿರುವ 'ಕ್ಯಾಥೊಲಿಕ್ ನಿಯರ್ ಈಸ್ಟ್ ವೆಲ್‌ಫೇರ್ ಅಸೋಸಿಯೇಷನ್' ಕೂಡ ಇದೇ ಗುಂಪಿನದು.

ಇವುಗಳ ಬಲ ಏನು? ಬೇರೆಯವರು ಹಣ ಕೊಡದ ಜಾಗಕ್ಕೆ ಇವರು ಕೊಡುತ್ತಾರೆ. ಸುಟ್ಟುಹೋದ ಚರ್ಚಿನ ಚಾವಣಿ, ಚದುರಿದ ಜನರನ್ನು ಹುಡುಕಿಕೊಂಡು ಓಡಾಡುವ ಪಾದ್ರಿಯ ವಾಹನ, ಸಿಸ್ಟರ್‌ಗಳ ಖರ್ಚು. ಇವೆಲ್ಲ 'ಮಾನವೀಯ ನೆರವು' ಎಂಬ ಲೆಕ್ಕದಲ್ಲಿ ಬರುವುದಿಲ್ಲ. ಆದರೆ ಓಡಿಬಂದ ಜನ ಒಟ್ಟಿಗೆ ಉಳಿಯುವುದು ಇವುಗಳಿಂದಲೇ. ಟಿವಿ ಕ್ಯಾಮೆರಾ ಹೋದ ಮೇಲೂ ಇವರು ಇರುತ್ತಾರೆ, ಅದು ದೊಡ್ಡ ಮಾತು.

ಒಂದು ಎಚ್ಚರ ಬೇಕು. ಇಲ್ಲಿ ಕೊಟ್ಟ ಹಣದಲ್ಲಿ ಒಂದು ಪಾಲು ಪ್ರಚಾರಕ್ಕೆ, ಸರ್ಕಾರಗಳ ಮೇಲೆ ಒತ್ತಡ ತರುವ ಕೆಲಸಕ್ಕೆ, ಬೈಬಲ್ ಮತ್ತು ತರಬೇತಿಗೆ ಹೋಗಬಹುದು. ಅದು ತಪ್ಪಲ್ಲ, ಅವರು ಮುಚ್ಚಿಡುವುದೂ ಇಲ್ಲ. ಆದರೆ ನಿಮ್ಮ ಮನಸ್ಸಿನಲ್ಲಿರುವುದು ಬರೀ ಅನ್ನ, ಕಂಬಳಿ ಆಗಿದ್ದರೆ ಹಾಗೆಂದು ಬರೆದು ಕೊಡಿ. ಇನ್ನೊಂದು, ಹಿಂಸೆಯ ಪಟ್ಟಿಯೂ ಯುದ್ಧದ ನಕ್ಷೆಯೂ ಒಂದೇ ಅಲ್ಲ. ಪಟ್ಟಿಯಲ್ಲಿ ವರ್ಷಗಟ್ಟಲೆ ಮೊದಲ ಸ್ಥಾನದಲ್ಲಿ ಕಾಣುವ ಉತ್ತರ ಕೊರಿಯಾದಲ್ಲಿ ನಿರಾಶ್ರಿತರ ಶಿಬಿರ ಹಾಕಲು ಯಾರಿಗೂ ಆಗದು.

ಎಲ್ಲರಿಗೂ ಕೊಡುವ ದೊಡ್ಡ ಸಂಸ್ಥೆಗಳು

ಕಾರಿತಾಸ್, ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್, ಲೂಥರನ್ ವರ್ಲ್ಡ್ ಫೆಡರೇಷನ್, ವರ್ಲ್ಡ್ ವಿಷನ್, ಜೆಸ್ವಿಟ್ ರೆಫ್ಯೂಜಿ ಸರ್ವಿಸ್. ಹುಟ್ಟಿದ್ದು ಚರ್ಚಿನಿಂದ, ಆದರೆ ಸಾಲಿನಲ್ಲಿ ನಿಂತವರ ಧರ್ಮ ಕೇಳುವುದಿಲ್ಲ. 1994ರಲ್ಲಿ ರೆಡ್ ಕ್ರಾಸ್ ಜೊತೆ ಸೇರಿ ಒಂದು ನಡತೆ ಸಂಹಿತೆ ರೂಪಿಸಿದ ಸಂಸ್ಥೆಗಳಲ್ಲಿ ಕಾರಿತಾಸ್, ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್, ಲೂಥರನ್ ಫೆಡರೇಷನ್ ಮೂರೂ ಇದ್ದವು. ಜನಾಂಗ, ಧರ್ಮ, ದೇಶ ನೋಡದೆ ಅಗತ್ಯ ಮಾತ್ರ ನೋಡಿ ಕೊಡಬೇಕು, ನೆರವನ್ನು ಧರ್ಮಪ್ರಚಾರಕ್ಕೆ ಬಳಸಬಾರದು ಎಂದು ಅದು ಹೇಳುತ್ತದೆ.

ಮೊದಲ ಕೆಲವು ವಾರಗಳಲ್ಲಿ ಇವರಿಗೆ ಸಾಟಿ ಇಲ್ಲ. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ತಲೆಗೆ 3.5 ಚದರ ಮೀಟರ್ ಸೂರು, 20 ಜನಕ್ಕೆ ಒಂದು ಶೌಚಾಲಯ. 'ಸ್ಫಿಯರ್' ಎಂಬ ಅಂತರರಾಷ್ಟ್ರೀಯ ಮಾನದಂಡದ ಅಳತೆಗಳಿವು. ಒಂದು ಚರ್ಚಿನ ಅಂಗಳದಲ್ಲಿ ದಿಢೀರನೆ ಸಾವಿರ ಜನ ಬಂದು ಕೂತರೆ ಒಳ್ಳೆಯ ಮನಸ್ಸಿರುವ ಪಾದ್ರಿಗೆ ಇದನ್ನು ಒದಗಿಸಲು ಆಗುವುದಿಲ್ಲ. ಟ್ಯಾಂಕರ್, ಗೋದಾಮು, ಇಂಜಿನಿಯರ್, ಲಾರಿ ಬೇಕು. ಅವು ಇವರ ಹತ್ತಿರ ಇವೆ.

ಕೊರತೆ ಎಲ್ಲಿ? ಅಂಕಾವಾ ಕಡೆ ತಿರುಗಿ ನೋಡಿ. ಅಲ್ಲಿನ ಬಹುಪಾಲು ಕ್ರೈಸ್ತರು ವಿಶ್ವಸಂಸ್ಥೆಯ ಸಾಮಾನ್ಯ ಶಿಬಿರಗಳಿಗೆ ಹೋಗಲೇ ಇಲ್ಲ. ಅಲ್ಲೂ ತಮ್ಮ ಮೇಲೆ ದಾಳಿಯಾಗಬಹುದು ಅನ್ನುವ ಭಯ. ಸೀದಾ ಚರ್ಚಿಗೆ ಬಂದರು. ಶಿಬಿರದ ತಲೆಯೆಣಿಕೆ ಮೇಲೆ ನೆರವು ಹರಿಯುವಾಗ ಶಿಬಿರದಲ್ಲಿ ಇಲ್ಲದವರ ಪಾಲು ಕಡಿಮೆಯಾಯಿತು ಎಂದು ಅಲ್ಲಿನ ಚರ್ಚಿನ ಹಿರಿಯರು ವರ್ಷಗಟ್ಟಲೆ ದೂರಿದರು. ಬಾಡಿಗೆ, ಊಟ, ಔಷಧಿಯ ಹೊರೆ ಎರ್ಬಿಲ್‌ನ ಕಲ್ದೀಯ (ಇರಾಕ್‌ನ ಒಂದು ಪೌರಸ್ತ್ಯ ಕ್ಯಾಥೊಲಿಕ್ ಪಂಗಡ) ಆರ್ಚ್‌ಬಿಷಪ್ ಬಶರ್ ವಾರ್ದಾ ಅವರಂಥವರ ಹೆಗಲಿಗೆ ಬಿತ್ತು. 'ಎಲ್ಲರಿಗೂ ಸಮ' ಎಂಬ ನಿಯಮ ಒಳ್ಳೆಯದೇ. ಆದರೆ ಹೆದರಿ ಬದಿಗೆ ಸರಿದು ನಿಂತವರು ಆ ಸಮಪಾಲಿನಲ್ಲಿ ಕಾಣಿಸುವುದಿಲ್ಲ ಅಲ್ವಾ?

ಇನ್ನೊಂದು ಕೊರತೆ ಸರ್ಕಾರಿ ಹಣದ ಮೇಲಿನ ಅವಲಂಬನೆ. 2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ವಿದೇಶಿ ನೆರವನ್ನು ದಿಢೀರನೆ ನಿಲ್ಲಿಸಿತು. ಬಜೆಟ್‌ನ ಸುಮಾರು ಅರ್ಧದಷ್ಟು ಆ ಸರ್ಕಾರದಿಂದಲೇ ಪಡೆಯುತ್ತಿದ್ದ ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್ ಸಿಬ್ಬಂದಿಯನ್ನೂ ಯೋಜನೆಗಳನ್ನೂ ಕಡಿತ ಮಾಡಬೇಕಾಯಿತು. ಹಾಗಾಗಿ ಇಂಥ ಸಂಸ್ಥೆಗೆ ನಮ್ಮಂಥವರು ಕೊಡುವ ಸಣ್ಣ ಮೊತ್ತಕ್ಕೆ ಬೆಲೆ ಇಲ್ಲ ಎಂದುಕೊಳ್ಳಬೇಡಿ. ಯಾವ ಸರ್ಕಾರದ ಷರತ್ತೂ ಇಲ್ಲದ ಹಣ ಅದು.

ಅಲ್ಲಿಯದೇ ಚರ್ಚು

ಮೊದಲು ಬಾಗಿಲು ತೆರೆಯುವುದು ಇದು, ಕೊನೆಗೆ ಉಳಿಯುವುದೂ ಇದೇ. ಗಾಜಾದ ಹೋಲಿ ಫ್ಯಾಮಿಲಿ ಚರ್ಚನ್ನೇ ನೋಡಿ. ಗಾಜಾದಲ್ಲಿರುವ ಕ್ಯಾಥೊಲಿಕ್ ಚರ್ಚು ಅದೊಂದೇ. 2023ರ ಅಕ್ಟೋಬರ್‌ನಿಂದ ನೂರಾರು ಜನ ಅದರ ಆವರಣದಲ್ಲಿ ಆಶ್ರಯ ಪಡೆದರು. ಪೋಪ್ ಫ್ರಾನ್ಸಿಸ್ 2025ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವವರೆಗೂ ಹೆಚ್ಚೂಕಮ್ಮಿ ಪ್ರತಿ ಸಂಜೆ ಆ ಚರ್ಚಿಗೆ ಫೋನ್ ಮಾಡುತ್ತಿದ್ದರು. ಇವತ್ತು ಏನು ತಿಂದಿರಿ ಎಂದು ವಿಚಾರಿಸುತ್ತಿದ್ದರು. 2025ರ ಜುಲೈ 17ರಂದು ಆ ಚರ್ಚಿಗೂ ಶೆಲ್ ಬಿತ್ತು, ಮೂವರು ಸತ್ತರು. ಆಮೇಲೂ ಜನ ಅಲ್ಲೇ ಉಳಿದರು. ಹೊರಗಿನ ಯಾವ ಸಂಸ್ಥೆಯ ಸಿಬ್ಬಂದಿಗೂ ಹೀಗೆ ಉಳಿಯಿರಿ ಎಂದು ಹೇಳಲಾಗದು.

ಮ್ಯಾನ್ಮಾರ್‌ನ ಕಚಿನ್ ರಾಜ್ಯದ ಕತೆಯೂ ಇಂಥದ್ದೇ. 2011ರ ಜೂನ್‌ನಲ್ಲಿ ಅಲ್ಲಿ ಸೇನೆಗೂ ಕಚಿನ್ ಬಂಡುಕೋರರಿಗೂ ಕದನ ಮತ್ತೆ ಶುರುವಾಗಿ ಲಕ್ಷದಷ್ಟು ಜನ ಮನೆ ಬಿಟ್ಟರು. ಅವರಲ್ಲಿ ಹೆಚ್ಚಿನವರು ಕ್ರೈಸ್ತರು. ಬಂಡುಕೋರರ ಹಿಡಿತದ ಪ್ರದೇಶಗಳಿಗೆ ವಿಶ್ವಸಂಸ್ಥೆಯ ಲಾರಿಗಳು ಹೋಗಲು ಸರ್ಕಾರ ಮತ್ತೆ ಮತ್ತೆ ಅಡ್ಡಿಪಡಿಸಿತು. ಅಲ್ಲಿನ ಶಿಬಿರಗಳನ್ನು ನೋಡಿಕೊಂಡವರು ಕಚಿನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಮತ್ತು ಕ್ಯಾಥೊಲಿಕ್ಕರ 'ಕರುಣಾ' ಸಂಸ್ಥೆ. ಭಾಷೆ ಅವರದು, ದಾರಿ ಅವರಿಗೆ ಗೊತ್ತು, ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ ಅನ್ನುವುದೂ ಗೊತ್ತು.

ಸುಡಾನ್‌ನ ನೂಬಾ ಬೆಟ್ಟಗಳಲ್ಲಿ ಗಿಡೇಲ್ ಎಂಬಲ್ಲಿ ಕ್ಯಾಥೊಲಿಕ್ ಧರ್ಮಪ್ರಾಂತ್ಯ 2008ರಲ್ಲಿ ತೆರೆದ 'ಮದರ್ ಆಫ್ ಮರ್ಸಿ' ಆಸ್ಪತ್ರೆ ಇದೆ. ಬಾಂಬ್ ಬೀಳುತ್ತಿದ್ದ ವರ್ಷಗಳಲ್ಲಿ ಅಷ್ಟು ದೊಡ್ಡ ಪ್ರದೇಶಕ್ಕೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರೆಂದರೆ ಹೆಚ್ಚುಕಡಿಮೆ ಟಾಮ್ ಕಟೀನಾ ಒಬ್ಬರೇ. ಮುಸ್ಲಿಮರು, ಕ್ರೈಸ್ತರು ಎಲ್ಲರೂ ಅಲ್ಲಿಗೇ ಬರುತ್ತಾರೆ.

ಇಷ್ಟು ಒಳ್ಳೆಯದಾದರೆ ಎಲ್ಲ ಹಣವನ್ನೂ ನೇರವಾಗಿ ಅಲ್ಲಿಗೇ ಕಳಿಸಬಾರದೇ? ಇಲ್ಲಿ ಸ್ವಲ್ಪ ತಡೆಯಿರಿ. ಯುದ್ಧದ ದೇಶಗಳ ಬ್ಯಾಂಕುಗಳ ಮೇಲೆ ನಿರ್ಬಂಧ ಇರುತ್ತದೆ. ಸಿರಿಯಾಕ್ಕೆ ನ್ಯಾಯವಾದ ಹಣ ಕಳಿಸುವುದೂ ವರ್ಷಗಟ್ಟಲೆ ದೊಡ್ಡ ತಲೆನೋವಾಗಿತ್ತು. ಒಬ್ಬ ಪಾದ್ರಿಯ ಹೆಸರಿನ ಖಾತೆಗೆ ಹಣ ಹಾಕಿದರೆ ಅವರನ್ನೇ ಅಪಾಯಕ್ಕೆ ದೂಡಿದಂತೆ. ಅಪಹರಿಸುವವರಿಗೆ ಅಂಥ ಸುದ್ದಿ ಬೇಗ ಮುಟ್ಟುತ್ತದೆ. ಜೊತೆಗೆ, ಹಗಲೆಲ್ಲ ಸತ್ತವರನ್ನು ಮಣ್ಣು ಮಾಡಿ ಬಂದ ಪಾದ್ರಿಯನ್ನು ರಾತ್ರಿ ಕೂತು ರಸೀದಿ ಬರೆಯಿರಿ ಅನ್ನಲಾಗದು. ಅದಕ್ಕೇ ನನ್ನ ಸಲಹೆ ಇದು: ಸ್ಥಳೀಯ ಚರ್ಚಿಗೆ ಕೊಡಿ, ಆದರೆ ಅದರ ಜೊತೆ ಹಿಂದಿನಿಂದಲೂ ಕೆಲಸ ಮಾಡಿರುವ, ಲೆಕ್ಕ ತಪಾಸಣೆ ಇರುವ ಸಂಸ್ಥೆಯ ಮೂಲಕ ಕೊಡಿ. ವಾಟ್ಸ್ಯಾಪ್‌ನಲ್ಲಿ 'ಯುದ್ಧಭೂಮಿಯ ಪಾಸ್ಟರ್' ಎಂದು ಬರುವ ಖಾತೆ ಸಂಖ್ಯೆಗೆ ಮಾತ್ರ ಕೊಡಬೇಡಿ. ಎಷ್ಟೇ ಕಣ್ಣೀರು ತರಿಸುವ ಸಂದೇಶ ಆದರೂ ಬೇಡ.

ರೆಡ್ ಕ್ರಾಸ್ ಮತ್ತು ವಿಶ್ವಸಂಸ್ಥೆ

ಇದನ್ನು ಚಿಕ್ಕದಾಗಿ ಹೇಳುತ್ತೇನೆ. 1863ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ ಯುದ್ಧದ ಎರಡೂ ಕಡೆಯವರ ಜೊತೆ ಮಾತಾಡಬಲ್ಲದು. ಕೈದಿಗಳನ್ನು ನೋಡುವುದು, ಕಾಣೆಯಾದವರನ್ನು ಹುಡುಕುವುದು, ಎರಡು ಸೇನೆಗಳ ನಡುವಿನ ಗೆರೆ ದಾಟಿ ಔಷಧಿ ಒಯ್ಯುವುದು, ಇವು ಚರ್ಚಿನ ಸಂಸ್ಥೆಗಳಿಂದ ಅಷ್ಟಾಗಿ ಆಗುವುದಿಲ್ಲ. ಯಾವ ಊರಿಗೆ ಯಾರಿಗೂ ಪ್ರವೇಶ ಸಿಗುತ್ತಿಲ್ಲವೋ ಆಗ ಇದೇ ಸರಿ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಲೆಕ್ಕದಂತೆ 2024ರ ಕೊನೆಗೆ ಜಗತ್ತಿನಲ್ಲಿ 12.32 ಕೋಟಿ ಜನ ಬಲವಂತವಾಗಿ ಮನೆ ಬಿಟ್ಟಿದ್ದರು. ಅವರಲ್ಲಿ 7.35 ಕೋಟಿ ಜನ ಗಡಿ ದಾಟಿದವರೇ ಅಲ್ಲ, ತಮ್ಮದೇ ದೇಶದೊಳಗೆ ಅಲೆಯುತ್ತಿರುವವರು. ಕರಾಕೋಶ್‌ನವರೂ ಅಂಥವರೇ ಆಗಿದ್ದರು. ಗಡಿ ದಾಟದವರಿಗೆ ನಿರಾಶ್ರಿತರ ಕಾನೂನಿನ ರಕ್ಷಣೆ ಸಿಗುವುದಿಲ್ಲ. ಸಂಸ್ಥೆ ಆರಿಸುವಾಗ, ದೇಶದೊಳಗೇ ಉಳಿದವರನ್ನು ಇವರು ಮುಟ್ಟುತ್ತಾರಾ ಎಂದು ಕೇಳುವುದನ್ನು ಮರೆಯಬೇಡಿ.

ನಮ್ಮವರಿಗೆ ಮಾತ್ರವೋ, ಎಲ್ಲರಿಗೋ?

ಈ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ನಿನೆವೆ ಬಯಲಿನಲ್ಲಿ ಕ್ರೈಸ್ತರ ಪಕ್ಕದಲ್ಲೇ ತಮ್ಮದೇ ಹಳೆಯ ಧರ್ಮದ ಯಜೀದಿಗಳಿದ್ದಾರೆ, ಹೆಚ್ಚಾಗಿ ಶಿಯಾ ಮುಸ್ಲಿಮರಾದ ಶಬಕ್ ಜನರಿದ್ದಾರೆ. ಕರಾಕೋಶ್ ಖಾಲಿಯಾಗುವ ಮೂರು ದಿನ ಮುಂಚೆ, 2014ರ ಆಗಸ್ಟ್ 3ರಂದು, ಸಿಂಜಾರ್‌ನಲ್ಲಿ ಯಜೀದಿಗಳ ಮಾರಣಹೋಮ ಶುರುವಾಗಿತ್ತು. ಸಾವಿರಾರು ಹೆಂಗಸರನ್ನು, ಮಕ್ಕಳನ್ನು ಐಸಿಸ್‌ನವರು ಹೊತ್ತೊಯ್ದರು. ಒಂದೇ ಬೀದಿಯಲ್ಲಿ ಒಂದು ಮನೆಗೆ ಅಕ್ಕಿ ಮೂಟೆ ಬಂದು ಪಕ್ಕದ ಮನೆಗೆ ಬಾರದಿದ್ದರೆ ಏನಾಗುತ್ತದೆ? ಯುದ್ಧ ಮುಗಿದ ಮೇಲೆ ಅವರೇ ಅಕ್ಕಪಕ್ಕ ಬದುಕಬೇಕು. 'ವಿದೇಶದಿಂದ ಅವರಿಗೆ ಮಾತ್ರ ಬರುತ್ತದೆ' ಎಂಬ ಮಾತು ಹುಟ್ಟಿದರೆ, ನಾವು ಕಾಪಾಡಲು ಹೊರಟ ಮನೆಗೇ ಮತ್ತೆ ಗುರುತು ಬೀಳುತ್ತದೆ.

ಹಾಗೆಂದು ಕ್ರೈಸ್ತರಿಗೆಂದು ಕೊಡುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಅವರನ್ನು ಓಡಿಸಿದ್ದು ಕ್ರೈಸ್ತರು ಎಂಬ ಕಾರಣಕ್ಕೇ. ಹಾಗಾದರೆ ನೆರವು ಕೊಡುವಾಗ ಆ ಕಾರಣವನ್ನು ಕಾಣದಂತೆ ಇರಲು ಹೇಗಾಗುತ್ತದೆ? ನಾನು ಕಂಡುಕೊಂಡ ಹದ ಇಷ್ಟು: ಹೊಟ್ಟೆ, ಗಾಯ, ನೀರಿನ ವಿಷಯಕ್ಕೆ ಬಂದಾಗ ಎಲ್ಲರಿಗೂ. ಚರ್ಚು, ಭಾಷೆ, ಸಮುದಾಯ ಉಳಿಸುವ ವಿಷಯದಲ್ಲಿ ಆ ಸಮುದಾಯಕ್ಕೆ. ಗಾಜಾದ ಅಲ್ ಅಹ್ಲಿ ಆಸ್ಪತ್ರೆ ನೋಡಿ. 1882ರಲ್ಲಿ ಮಿಷನರಿಗಳು ಕಟ್ಟಿದ್ದು, ಈಗ ಆಂಗ್ಲಿಕನ್ ಚರ್ಚು ನಡೆಸುತ್ತದೆ. ಯುದ್ಧಕ್ಕೆ ಮುಂಚೆಯೇ ಗಾಜಾದಲ್ಲಿ ಕ್ರೈಸ್ತರು ಸುಮಾರು ಸಾವಿರ ಮಾತ್ರ. ರೋಗಿಗಳಲ್ಲಿ ಬಹುತೇಕ ಎಲ್ಲರೂ ಮುಸ್ಲಿಮರು. ಆ ಆಸ್ಪತ್ರೆಗೆ ಕೊಡುವ ಹಣ ಕ್ರೈಸ್ತ ನೆರವು ಅಲ್ಲವೆಂದು ಯಾರು ಹೇಳಿಯಾರು?

ಒಳ್ಳೆಯ ಮನಸ್ಸಿನಿಂದಲೂ ಕೇಡಾಗಬಹುದು. 1990ರ ದಶಕದಲ್ಲಿ ಸುಡಾನ್‌ನಲ್ಲಿ ಗುಲಾಮರಾದವರನ್ನು ಹಣ ಕೊಟ್ಟು ಬಿಡಿಸುವ ಅಭಿಯಾನ ನಡೆಯಿತು. ದೂರದ ಶಾಲಾ ಮಕ್ಕಳೂ ಪುಡಿಗಾಸು ಕೂಡಿಸಿ ಕಳಿಸಿದರು. ಇದರಿಂದ ಮನುಷ್ಯರ ವ್ಯಾಪಾರವೇ ಬೆಳೆಯುತ್ತದೆ ಎಂದು ಯುನಿಸೆಫ್ ವಿರೋಧಿಸಿತು. ಸುಳ್ಳು ಗುಲಾಮರನ್ನು ತೋರಿಸಿ ಹಣ ಹೊಡೆದ ಆರೋಪಗಳೂ ಆಮೇಲೆ ಬಂದವು. ಆ ಮಕ್ಕಳ ಪ್ರೀತಿಯಲ್ಲಿ ಕೊರತೆ ಇರಲಿಲ್ಲ, ಕೇಳಬೇಕಾದ ಪ್ರಶ್ನೆಯನ್ನು ದೊಡ್ಡವರು ಕೇಳಿರಲಿಲ್ಲ.

ಏನು ಕೊಡುವುದು?

ಹಳೆಯ ಬಟ್ಟೆ, ಡಬ್ಬಿ ಆಹಾರ ತುಂಬಿ ಕಳಿಸುವ ಆಸೆ ಎಲ್ಲರಿಗೂ ಇರುತ್ತದೆ. ದಯವಿಟ್ಟು ಬೇಡ. ಸಾಗಣೆಗೇ ಬಟ್ಟೆಯ ಬೆಲೆಗಿಂತ ಜಾಸ್ತಿ ಖರ್ಚು. ಅಲ್ಲಿ ಅಂಗಡಿ ತೆರೆದಿದ್ದರೆ ಆ ಕುಟುಂಬದ ಕೈಗೇ ಹಣ ಸಿಗುವುದು ಮೇಲು. ಮಗುವಿಗೆ ಹಾಲಿನ ಪುಡಿ ಬೇಕೋ, ಅಜ್ಜನಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಬೇಕೋ ಅನ್ನುವುದು ತಾಯಿಗೆ ಗೊತ್ತು. ಅಂಗಡಿಯೇ ಇಲ್ಲದ ಕಡೆ, ಮುತ್ತಿಗೆ ಹಾಕಿದ ಊರಿನಲ್ಲಿ, ಹಣ ಕಾಗದ ಅಷ್ಟೇ. ಅಲ್ಲಿಗೆ ಸಾಮಾನೇ ಹೋಗಬೇಕು.

ನಂತರ ಬರುವುದು ಮನೆ. ನಿನೆವೆ ಬಯಲಿನ ಊರುಗಳು ಐಸಿಸ್ ಹಿಡಿತದಿಂದ ಬಿಡುಗಡೆಯಾದವು. 2017ರ ಮಾರ್ಚ್‌ನಲ್ಲಿ ನಿನೆವೆಯ ಸಿರಿಯಾಕ್ ಕ್ಯಾಥೊಲಿಕ್, ಸಿರಿಯಾಕ್ ಆರ್ಥೊಡಾಕ್ಸ್, ಕಲ್ದೀಯ ಚರ್ಚುಗಳು ಸೇರಿ ಒಂದು ಪುನರ್ನಿರ್ಮಾಣ ಸಮಿತಿ ಮಾಡಿಕೊಂಡವು. ಶತಮಾನಗಳಿಂದ ಬೇರೆ ಬೇರೆಯಾಗಿದ್ದ ಚರ್ಚುಗಳು ಒಂದೇ ಮೇಜಿನ ಸುತ್ತ ಕೂತು, ಹಾಳಾದ ಸುಮಾರು 13,000 ಮನೆಗಳನ್ನು ಒಂದೊಂದಾಗಿ ಪಟ್ಟಿ ಮಾಡಿದವು. ಯಾವುದು ಸುಟ್ಟಿದೆ, ಯಾವುದು ಪೂರ್ತಿ ಕುಸಿದಿದೆ, ಯಾವುದಕ್ಕೆ ಬರೀ ಬಾಗಿಲು ಕಿಟಕಿ ಸಾಕು. ಕೆಲಸ ಶುರುವಾದಾಗ ಮೊದಲ ಮನೆಗಳ ಯಜಮಾನರ ಕೈಗೆ ಒಂದೊಂದು ಆಲಿವ್ ಸಸಿ ಕೊಟ್ಟರು. ಹಣ ಎಲ್ಲಿಗೆ ಹೋಯಿತು ಎಂದು ಕೇಳಿದರೆ ಇಂಥ ಮನೆ, ಇಂಥ ಬೀದಿ ಎಂದು ತೋರಿಸುವ ನೆರವು ಇದು.

ಆದರೂ ಮನೆ ಕಟ್ಟಿಕೊಟ್ಟ ಮಾತ್ರಕ್ಕೆ ಎಲ್ಲರೂ ಬರಲಿಲ್ಲ. 2003ಕ್ಕೆ ಮುಂಚೆ ಇರಾಕ್‌ನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕ್ರೈಸ್ತರಿದ್ದರು ಎಂದು ಅಂದಾಜು. ಈಗಿನ ಅಂದಾಜುಗಳು ಎರಡೂವರೆ ಲಕ್ಷವನ್ನೂ ದಾಟುವುದಿಲ್ಲ. ಕೆಲಸ ಬೇಕು, ಶಾಲೆ ಬೇಕು, ಬೀದಿಯಲ್ಲಿ ಬಂದೂಕು ಹಿಡಿದ ಗುಂಪುಗಳ ಭಯ ಹೋಗಬೇಕು. ಅದಕ್ಕೇ 2015ರಲ್ಲಿ, ಜನ ಇನ್ನೂ ತಾತ್ಕಾಲಿಕ ಸೂರಿನಡಿ ಇರುವಾಗಲೇ, ಎರ್ಬಿಲ್‌ನಲ್ಲಿ ಕ್ಯಾಥೊಲಿಕ್ ವಿಶ್ವವಿದ್ಯಾಲಯ ತೆರೆದದ್ದು ನನಗೆ ಸರಿಯಾದ ಕೆಲಸ ಅನ್ನಿಸುತ್ತದೆ. ಓದಿಗೆ ಕೊಡುವವರು ಕಡಿಮೆ. ಎರಡು ಮೂರು ವರ್ಷ ಕಳೆದ ಬಿಕ್ಕಟ್ಟಿಗೆ ನೀವು ಕೊಡುತ್ತಿದ್ದರೆ, ಕಣ್ಣು ಮುಚ್ಚಿ ಶಾಲೆಗೆ ಮತ್ತು ಜೀವನೋಪಾಯಕ್ಕೆ ಕೊಡಿ. ಇನ್ನು ದೇಶ ಬಿಟ್ಟು ಹೋಗುವವರಿಗೆ ನೆರವಾಗುವುದು ಸರಿಯೇ? ಅಲ್ಲೇ ಉಳಿಯಿರಿ ಎಂದು ದೂರದಲ್ಲಿ ಕೂತು ಹೇಳುವ ಹಕ್ಕು ನನಗಿಲ್ಲ. ಹೋಗುವವರಿಗೂ ಗೌರವದಿಂದ ನೆರವಾಗುವ ಸಂಸ್ಥೆಗಳು ಬೇಕು. ಜೆಸ್ವಿಟ್ ರೆಫ್ಯೂಜಿ ಸರ್ವಿಸ್ 1980ರಿಂದ ಇಂಥವರ ಜೊತೆಗಿದೆ.

ಕೊಡುವ ಮುಂಚೆ

ಒಂದು ಇಮೇಲ್ ಬರೆಯಿರಿ. ಈ ಊರಿನಲ್ಲಿ ನಿಮ್ಮ ಜೊತೆಗಾರರು ಯಾರು, ಯುದ್ಧಕ್ಕೆ ಮುಂಚೆಯೂ ನೀವು ಅಲ್ಲಿದ್ದಿರಾ, ಪಕ್ಕದ ಮನೆಯ ಬೇರೆ ಧರ್ಮದವರಿಗೆ ಏನು ಮಾಡುತ್ತೀರಿ, ಕಳೆದ ವರ್ಷದ ತಪಾಸಣೆಯಾದ ಲೆಕ್ಕ ಎಲ್ಲಿ ಸಿಗುತ್ತದೆ. ಇಷ್ಟು ಸಾಕು. ಉತ್ತರ ಬಂದ ಬಗೆಯಲ್ಲೇ ಬಹಳಷ್ಟು ತಿಳಿಯುತ್ತದೆ. ಆಡಳಿತದ ಖರ್ಚು ಶೇಕಡ ಎಷ್ಟು ಎಂಬ ಒಂದೇ ಅಂಕಿ ಹಿಡಿದು ತೂಗಬೇಡಿ. ಯುದ್ಧಭೂಮಿಯಲ್ಲಿ ಸಿಬ್ಬಂದಿಯ ಸುರಕ್ಷತೆಗೂ ಲೆಕ್ಕ ಬರೆಯುವವರಿಗೂ ಖರ್ಚು ಬೇಕೇ ಬೇಕು.

ನನ್ನ ಮಟ್ಟಿಗೆ, ಇವತ್ತು ಹೊಸದೊಂದು ಯುದ್ಧ ಶುರುವಾದರೆ ಮೊದಲ ತಿಂಗಳ ಹಣ ಕಾರಿತಾಸ್‌ನಂಥ ಸಂಸ್ಥೆಗೆ, ಯಾವ ಕೆಲಸಕ್ಕೂ ಬಳಸಿಕೊಳ್ಳಿ ಎಂದು ಹೇಳಿ ಕೊಡುತ್ತೇನೆ. ಆರು ತಿಂಗಳಾದ ಮೇಲೆ, ಸುದ್ದಿ ತಣ್ಣಗಾದಾಗ, ಹಿಂಸೆಗೊಳಗಾದವರಿಗೆಂದೇ ಇರುವ ಸಂಸ್ಥೆಯ ಮೂಲಕ ಅಲ್ಲಿನ ಚರ್ಚಿಗೆ ಕೊಡಲು ಶುರು ಮಾಡುತ್ತೇನೆ, ತಿಂಗಳಿಗೆ ಸ್ವಲ್ಪ ಸ್ವಲ್ಪವಾಗಿ, ಕನಿಷ್ಠ ಮೂರು ವರ್ಷ.

ಇನ್ನೊಂದು ಮಾತು, ಹಣಕ್ಕೆ ಸಂಬಂಧಿಸಿದ್ದಲ್ಲ. ನಿರಾಶ್ರಿತರ ಫೋಟೊ ನಿಮಗೆ ಬಂದರೆ ಮುಂದಕ್ಕೆ ಕಳಿಸುವ ಮುಂಚೆ ಒಮ್ಮೆ ಸರಿಯಾಗಿ ನೋಡಿ. ಮುಖ, ಹೆಸರು, ಊರು ಮೂರೂ ಒಟ್ಟಿಗೆ ಇದ್ದರೆ, ವಿಶೇಷವಾಗಿ ಕ್ರೈಸ್ತ ಮತಕ್ಕೆ ಬದಲಾದವರದ್ದಾಗಿದ್ದರೆ, ಕಳಿಸಬೇಡಿ. ಅವರ ಅಣ್ಣತಮ್ಮಂದಿರು ಇನ್ನೂ ಆ ಊರಿನಲ್ಲೇ ಇರಬಹುದು.